ಶೋಕೇಸಿನಲ್ಲಿ ನಗುವವಳು

ಮೇಲಿನ ಕೋಣೆಯಲ್ಲಿ ಒಬ್ಬಳು ಮುಸುಕೆಳೆದುಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದಳು. ಅದೇ ಕಟ್ಟಡದ ಕೆಳಗಿನ ಫೋಟೋ ಸ್ಟುಡಿಯೋದ ಶೋಕೇಸಿನಲ್ಲಿ ಅವಳೇ ನಾಲ್ಕಡಿ ಎತ್ತರಕ್ಕೆ ನಿಂತು, ಪದವಿಯ ಕಪ್ಪು ಗೌನು ತೊಟ್ಟು, ಹಲ್ಲು ಬಿಟ್ಟು ನಗುತ್ತಿದ್ದಳು. ಈಗ ನೀವೇ ಹೇಳಿ, ಇಬ್ಬರಲ್ಲಿ ಬೀದಿಯ ಜನ ಯಾರನ್ನು ನಂಬಿಯಾರು? ಮುಸುಕಿನವಳನ್ನು ನೋಡಿದವರಾದರೂ ಯಾರು! ಶೋಕೇಸಿನವಳನ್ನಾದರೆ ಬಸ್ಸಿನಲ್ಲಿ ಹೋಗುವವರೂ ಕತ್ತು ಹೊರಳಿಸಿ ನೋಡುತ್ತಿದ್ದರು.

ಮನೆಯಲ್ಲಿ ಅವಳನ್ನು ಚಿಕ್ಕೋಳು ಅನ್ನುತ್ತಿದ್ದರು, ಮುಂಚೆ ಒಬ್ಬಳು ಅಕ್ಕ ಹುಟ್ಟಿದ್ದ ತಪ್ಪಿಗೆ. ಕಲ್ಲು, ಬಂಡೆ, ಭೂಮಿಯ ಪದರ ಅಂತ ಓದಿ, ಸ್ನಾತಕೋತ್ತರ ಪದವಿಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿ ನಾಲ್ಕು ತಿಂಗಳಾಗಿತ್ತು. ಪರೀಕ್ಷೆ ಇದ್ದಷ್ಟು ದಿನ ಹೇಗೋ ನಡೆಯಿತು. ಇಷ್ಟು ಹೊತ್ತಿಗೆ ಏಳು, ಇಷ್ಟು ಹೊತ್ತಿಗೆ ಪ್ರಯೋಗಾಲಯಕ್ಕೆ ಬಾ, ಈ ವಾರ ಇದನ್ನು ಬರೆದು ಒಪ್ಪಿಸು ಅಂತ ಯಾರೋ ಹಿಂದಿನಿಂದ ನೂಕುತ್ತಿದ್ದರು, ಇವಳು ಮುಂದೆ ಹೋಗುತ್ತಿದ್ದಳು. ಕೊನೆಯ ಪರೀಕ್ಷೆ ಮುಗಿಯಿತು, ನೂಕುವವರು ಯಾರೂ ಉಳಿಯಲಿಲ್ಲ. ಚಿಕ್ಕೋಳು ನಿಂತಲ್ಲೇ ನಿಂತುಬಿಟ್ಟಳು. ಹನ್ನೊಂದಕ್ಕೆ ಏಳುವುದು, ಹಲ್ಲುಜ್ಜಲೂ ಮನಸ್ಸಾಗದೆ ಮತ್ತೆ ಮಲಗುವುದು, ತಟ್ಟೆ ಮುಂದಿಟ್ಟುಕೊಂಡು ಊಟ ತಣ್ಣಗಾಗುವವರೆಗೆ ಅದನ್ನೇ ನೋಡುತ್ತ ಕೂರುವುದು. ಕಾರಣವಿಲ್ಲದೆ ಅಳು ಬರುತ್ತಿತ್ತು. ಅತ್ತು ಮುಗಿದ ಮೇಲೆ ಹಗುರವೂ ಆಗುತ್ತಿರಲಿಲ್ಲ. ಗೆಳತಿಯರ ಫೋನು ಬಂದರೆ ಅದು ಬಡಿದುಕೊಂಡು ಸುಮ್ಮನಾಗುವವರೆಗೆ ದಿಂಬಿನ ಕೆಳಗೆ ಒತ್ತಿ ಹಿಡಿಯುತ್ತಿದ್ದಳು.

ಬುದ್ಧಿ ಹೇಳುವವರಿಗೇನು ಬರಗಾಲ? ಬೆಳಗ್ಗೆ ಬೇಗ ಎದ್ದು ವಾಕಿಂಗ್ ಹೋಗು ಅಂದರು. ಒಳ್ಳೇದನ್ನೇ ಯೋಚನೆ ಮಾಡು ಅಂದರು. ಕೆಲಸ ಸಿಕ್ಕಿದರೆ ಎಲ್ಲ ಸರಿಹೋಗುತ್ತೆ ಅಂದರು. ಅಲ್ಲ, ನಾನು ಕೇಳುತ್ತೇನೆ, ಕಾಲು ಮುರಿದವನಿಗೆ ಯಾರಾದರೂ ಒಂದು ಸುತ್ತು ಓಡಿ ಬಾ ಸರಿಹೋಗುತ್ತೆ ಅನ್ನುತ್ತಾರೆಯೇ?

ಇನ್ನು ಅಪ್ಪನ ವಿಷಯ. ಮೂವತ್ತು ವರ್ಷದಿಂದ ಸ್ಟುಡಿಯೋ ನಡೆಸಿಕೊಂಡು ಬಂದವರು. ಬೀದಿಗೆಲ್ಲ ಅವರು ಫೋಟೋದವರು. ಅವರದು ಒಂದೇ ಹಟ: ತನ್ನ ಅಂಗಡಿಯಿಂದ ಯಾರೂ ಕೆಟ್ಟ ಮುಖ ಹೊತ್ತುಕೊಂಡು ಹೋಗಕೂಡದು. ಅದಕ್ಕೆಂದೇ ಕಂಪ್ಯೂಟರಿನಲ್ಲಿ ಮೂರು ಫೋಲ್ಡರ್ ಇಟ್ಟಿದ್ದರು: ಕಣ್ಣು, ಬಾಯಿ, ಕೂದಲು. ಗುಂಪು ಫೋಟೋದಲ್ಲಿ ಯಾರಾದರೂ ಕಣ್ಣು ಮುಚ್ಚಿದ್ದರೆ ಇಲ್ಲಿಂದ ಒಂದು ಜೊತೆ ತೆಗೆದು ಕೂರಿಸುವುದು. ತಲೆ ಬೋಳಾಗಿದ್ದರೆ ಅಲ್ಲಿಂದ ಒಂದು ಹಿಡಿ ಕೂದಲು. ಮೂಲೆಯ ದರ್ಜಿಯ ಮನೆ ಗೋಡೆ ಮೇಲೆ ತೂಗುವ ಫೋಟೋದಲ್ಲಿ ದರ್ಜಿಯ ಕಣ್ಣು ಅಂಚೆಯವನದು. ಇಬ್ಬರಿಗೂ ಗೊತ್ತಿಲ್ಲ, ಇಬ್ಬರೂ ಸುಖವಾಗಿದ್ದಾರೆ. ಅಪ್ಪನಿಗೆ ಇದು ಮೋಸ ಅಂತ ಒಂದು ದಿನವೂ ಅನ್ನಿಸಿದ್ದಿಲ್ಲ. ಉಪಕಾರ ಅಂತಲೇ ತಿಳಿದಿದ್ದರು ಪುಣ್ಯಾತ್ಮ.

ಅಕ್ಕ ನರ್ಸು. ಆಸ್ಪತ್ರೆಯ ಹಾಸ್ಟೆಲಿನಲ್ಲೇ ಇದ್ದು, ರಜೆ ಸಿಕ್ಕಿದರೆ ಎಂದಾದರೊಂದು ಶನಿವಾರ ಮನೆಗೆ ಬಂದು ರಾತ್ರಿಯೇ ಹೊರಡುತ್ತಿದ್ದಳು. ಆ ಶನಿವಾರ ಬಂದವಳು ಬ್ಯಾಗನ್ನೂ ಇಳಿಸದೆ ಮೇಲೆ ಹತ್ತಿ, ಮುಸುಕು ಸರಿಸಿ, ತಂಗಿಯ ಮುಖವನ್ನು ಸುಮ್ಮನೆ ನೋಡಿದಳು.

"ಸ್ನಾನ ಮಾಡಿ ಎಷ್ಟು ದಿನ ಆಯ್ತೇ?"

"ನೆನಪಿಲ್ಲ."

"ನಿದ್ದೆ?"

"ಬರಲ್ಲ. ಬಂದ್ರೆ ಏಳಕ್ಕಾಗಲ್ಲ."

ಅಕ್ಕ ಬುದ್ಧಿ ಹೇಳಲಿಲ್ಲ. ಅದೊಂದಕ್ಕೇ ಚಿಕ್ಕೋಳ ಕಣ್ಣು ತುಂಬಿತು. "ನಮ್ಮ ಆಸ್ಪತ್ರೇಲಿ ಬುಧವಾರ ಬುಧವಾರ ಮನಸ್ಸಿನ ಡಾಕ್ಟರು ಕೂತ್ಕೋತಾರೆ," ಅಂದಳು ಅಕ್ಕ. "ಒಳ್ಳೆಯವರು. ಮೊದಲ ಸಲ ಮನೆಯವರು ಒಬ್ರು ಜೊತೆಗೆ ಬರ್ಬೇಕು ಅಷ್ಟೇ. ಅಪ್ಪನ್ನ ಕೇಳು."

ಚಿಕ್ಕೋಳು ಎದ್ದಳು. ಕೆದರಿದ ತಲೆಯಲ್ಲೇ ಮೆಟ್ಟಿಲಿಳಿದು ಅಂಗಡಿಗೆ ಹೋದಳು. ಹದಿನಾಲ್ಕು ಮೆಟ್ಟಿಲು, ನಾಲ್ಕು ತಿಂಗಳಲ್ಲಿ ಅವಳು ಮಾಡಿದ ಅತಿ ದೊಡ್ಡ ಪ್ರಯಾಣ. ಅಪ್ಪ ಯಾರದೋ ಗಲ್ಲದ ಮೇಲಿನ ಮಚ್ಚೆಯನ್ನು ಅಳಿಸುತ್ತ ಕೂತಿದ್ದರು.

"ಅಪ್ಪಾ, ಬುಧವಾರ ನನ್ನ ಜೊತೆ ಆಸ್ಪತ್ರೆಗೆ ಬರ್ತೀರಾ? ಮನಸ್ಸಿನ ಡಾಕ್ಟರ ಹತ್ರ."

ಅಪ್ಪ ಮೊದಲು ನೋಡಿದ್ದು ಬಾಗಿಲ ಕಡೆ, ಯಾರಾದರೂ ಕೇಳಿಸಿಕೊಂಡರೋ ಅಂತ. ಆಮೇಲೆ ಧ್ವನಿ ತಗ್ಗಿಸಿದರು. "ನಿನಗೇನಾಗಿದೆ ಅಂಥದ್ದು? ಕೈಕಾಲು ಗಟ್ಟಿಮುಟ್ಟಾಗಿದೆ. ಪ್ರಥಮ ದರ್ಜೆ ಬಂದಿದೆ. ಹೋಗು, ಹೊರಗೆ ನಿಂತು ನಿನ್ನ ಫೋಟೋ ನೋಡ್ಕೊಂಡು ಬಾ. ಅಂಥ ನಗು ಇರೋ ಹುಡುಗಿಗೆ ಡಾಕ್ಟರು ಯಾಕೆ?"

ಅಷ್ಟರಲ್ಲಿ ಎದುರಿನ ಔಷಧಿ ಅಂಗಡಿಯಾಕೆ ಪಾಸ್‌ಪೋರ್ಟ್ ಫೋಟೋ ತೆಗೆದುಕೊಳ್ಳಲು ಒಳಗೆ ಬಂದರು. ಬಾಯಿ ಜೋರಿನ ಹೆಂಗಸು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವರಲ್ಲ. "ಏನಮ್ಮಾ, ಫೋಟೋದಲ್ಲಿ ಅಷ್ಟು ಚೆನ್ನಾಗಿ ನಗ್ತೀಯ, ಇಲ್ಲಿ ನೋಡಿದ್ರೆ ಮೂತಿ ಸೊಟ್ಟ ಮಾಡ್ಕೊಂಡು ನಿಂತಿದೀಯಲ್ಲ!"

"ಓದೀ ಓದೀ ಸುಸ್ತಾಗಿದಾಳೆ," ಅಪ್ಪ ನಕ್ಕರು. "ನಾಲ್ಕು ದಿನ ರೆಸ್ಟು ತಗೊಂಡ್ರೆ ಸರಿಹೋಗ್ತಾಳೆ."

ಚಿಕ್ಕೋಳು ತಿರುಗಿ ನಡೆದಳು. ಅಳುತ್ತ ಹೊರಗೆ ಬಂದರೆ, ಅಕ್ಕ ಶೋಕೇಸಿನ ಗಾಜಿಗೆ ಮೂಗು ತಾಗಿಸಿಕೊಂಡು ನಿಂತಿದ್ದಳು.

"ಲೇ, ಬಾ ಇಲ್ಲಿ. ಸರಿಯಾಗಿ ನೋಡು. ಇದು ನನ್ನ ಬಾಯಲ್ವೇನೇ?"

ಹೌದು ಕಣ್ರೀ. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಪಕ್ಕದ ಹಲ್ಲಿನ ಹೆಗಲೇರಿ ಕೂತಿತ್ತು. ಅಂಥ ಹಲ್ಲು ಆ ಮನೆಯಲ್ಲಿ ಇದ್ದದ್ದು ಅಕ್ಕನಿಗೆ ಮಾತ್ರ. ಚಿಕ್ಕೋಳದು ಅಳತೆ ಹಿಡಿದು ಜೋಡಿಸಿದಂಥ ಹಲ್ಲು. ನಾಲ್ಕು ತಿಂಗಳಿಂದ ಇಡೀ ಬೀದಿ ಮೆಚ್ಚಿ ತಲೆದೂಗಿದ್ದು ಅಕ್ಕನ ನಗುವಿಗೆ, ತಂಗಿಯ ಮೂಗಿನ ಕೆಳಗೆ ಅಂಟಿಸಿದ ನಗುವಿಗೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಂಗಿ ನಗುತ್ತಿಲ್ಲ ಅಂತ ಗೊತ್ತಾದ ಮೇಲೆ ನಿಲ್ಲಿಸಿದಳು.

ಚಿಕ್ಕೋಳಿಗೆ ಸಿಟ್ಟು ಬಂದಿತ್ತು. ಅಂಗಾಲಿನಿಂದ ನೆತ್ತಿಯವರೆಗೆ ಉರಿಯುವಂಥ ಸಿಟ್ಟು. ನೀವು ಸಿಟ್ಟು ಕೆಟ್ಟದ್ದು ಅನ್ನಬಹುದು. ಅನ್ನಿ. ನಾಲ್ಕು ತಿಂಗಳಿಂದ ಮೈಯೊಳಗೆ ಏನೇನೂ ಇಲ್ಲದವಳಿಗೆ ಸಿಟ್ಟಾದರೂ ಬಂತಲ್ಲ, ಅದನ್ನು ನಾನಂತೂ ಬೇಡ ಅನ್ನುವವನಲ್ಲ.

"ಹೋಗ್ಲಿ ಬಿಡು," ಅಕ್ಕ ಅವಳ ಭುಜ ಹಿಡಿದಳು. "ಬುಧವಾರ ನಾನೇ ನಿನ್ನ ಜೊತೆ ಕೂತ್ಕೋತೀನಿ. ಅಪ್ಪ ಬರ್ದಿದ್ರೆ ಕತ್ತೆ ಬಾಲ."

"ಬೇಡ. ಅಪ್ಪನೇ ಬರ್ಬೇಕು."

"ಯಾಕೇ ಹಟ?"

"ನಾನು ಚೆನ್ನಾಗಿದೀನಿ ಅಂತ ಊರಿಗೆಲ್ಲ ಡಂಗುರ ಹೊಡೀತಿರೋರು ಅವರು. ಚೆನ್ನಾಗಿಲ್ಲ ಅಂತ ಅವರೇ ಒಪ್ಕೋಬೇಕು. ಇಲ್ದಿದ್ರೆ ನಾನು ಡಾಕ್ಟರ ಹತ್ರ ಹೋಗಿ ಬಂದು, ಮಾತ್ರೆ ನುಂಗಿ, ಮತ್ತೆ ಇದೇ ಗಾಜಿನ ಮುಂದೆ ನಿಂತು ಸುಳ್ಳಿಯಾಗ್ತೀನಿ. ಬುಧವಾರದೊಳಗೆ ಒಪ್ಪಿಸ್ತೀನಿ ನೋಡ್ತಿರು."

ಒಪ್ಪಿಸುತ್ತೇನೆ ಅಂದಳೇನೋ ಸರಿ. ಭಾನುವಾರ ಬೆಳಗ್ಗೆ ಮತ್ತೆ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಸಿಟ್ಟು ಬಂದ ಮಾತ್ರಕ್ಕೆ ರೋಗ ಹೆದರಿ ಓಡಿಹೋಗುತ್ತದೆಯೇ? ಮೈ ಮೇಲೆ ಒದ್ದೆ ಕಂಬಳಿ ಹೊದಿಸಿದ ಹಾಗಿತ್ತು. ಒಂದು ಕಾಲು ಇಳಿಸಿದಳು, ಅರ್ಧ ಗಂಟೆ ಬಿಟ್ಟು ಇನ್ನೊಂದು ಇಳಿಸಿದಳು. ಭಾನುವಾರ ಅಂಗಡಿ ಅರ್ಧ ದಿನ ಮಾತ್ರ; ಮಧ್ಯಾಹ್ನ ಎರಡಕ್ಕೆ ಅಪ್ಪ ಶಟರ್ ಎಳೆದು, ಉಂಡು ಮಲಗಿ ಗೊರಕೆ ಶುರುಮಾಡಿದ ಮೇಲೆ, ಹಿಂದಿನ ಬಾಗಿಲಿನಿಂದ ಸ್ಟುಡಿಯೋ ಒಳಗೆ ಹೋದಳು.

ಫೋಟೋದವರ ಮಗಳಿಗೆ ಫೋಟೋ ಹಿಡಿಯುವುದನ್ನು ಹೇಳಿಕೊಡಬೇಕೇ? ಬೂದು ಪರದೆ ಇಳಿಸಿದಳು, ಎರಡು ದೀಪ ಹಾಕಿದಳು, ಕ್ಯಾಮೆರಾವನ್ನು ಮುಕ್ಕಾಲಿ ಸ್ಟ್ಯಾಂಡಿಗೆ ಏರಿಸಿ ಹತ್ತು ಸೆಕೆಂಡಿನ ಟೈಮರ್ ಇಟ್ಟು ಸ್ಟೂಲಿನ ಮೇಲೆ ಹೋಗಿ ಕೂತಳು. ತಲೆ ಬಾಚಲಿಲ್ಲ, ಮುಖ ತೊಳೆಯಲಿಲ್ಲ, ಹಾಕಿಕೊಂಡಿದ್ದ ಕಾಲರು ಕಿತ್ತ ನೈಟಿಯನ್ನೂ ಬದಲಿಸಲಿಲ್ಲ. ಬೇಕಂತಲೇ ಅಳುಮೋರೆ ಮಾಡಲೂ ಇಲ್ಲ, ಅದೂ ಒಂದು ನಾಟಕವೇ ಆಗುತ್ತಿತ್ತು. ಇದ್ದ ಹಾಗೆ ಕೂತಳು. ಕ್ಯಾಮೆರಾ ಕ್ಲಿಕ್ ಅಂದಿತು. ಕಂಪ್ಯೂಟರಿನಲ್ಲಿ ತೆರೆದು ನೋಡಿದಳು. ಕಣ್ಣ ಸುತ್ತ ಕಪ್ಪು, ತುಟಿ ಒಡೆದಿತ್ತು, ಕಣ್ಣು ಎಲ್ಲಿಗೂ ನೋಡುತ್ತಿರಲಿಲ್ಲ. ಆದರೂ 'ಅಬ್ಬಾ, ಇವಳು ನಾನೇ' ಅನ್ನಿಸಿ ಉಸಿರು ಬಿಟ್ಟಳು.

ದೊಡ್ಡ ಪ್ರಿಂಟರು ಕೆಲಸ ಮಾಡುವಾಗ ಸದ್ದು ಮಾಡದೆ ಇರುತ್ತದೆಯೇ? ನಾಲ್ಕಡಿ ಕಾಗದ ಹೊರಗೆ ಬಂದು ಮುಗಿಯುವ ಹೊತ್ತಿಗೆ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಅಂಗಡಿಯಲ್ಲಿ ಫ್ರೇಮು, ಲ್ಯಾಮಿನೇಷನ್ನು, ಕತ್ತರಿಸುವ ಕೆಲಸವೆಲ್ಲ ಅಮ್ಮನದು. ಮಾತು ಕಡಿಮೆ, ಕೈ ಚುರುಕು. ಫೋಟೋವನ್ನು ತಲೆಯಿಂದ ಕೆಳಗಿನವರೆಗೆ ನೋಡಿದಳು. ಸೆರಗು ಬಾಯಿಗೆ ಹೋಯಿತು.

"ಶೋಕೇಸಿಗೆ ಹಾಕ್ತೀನಿ ಅಮ್ಮಾ. ತಡೀಬೇಡ."

ಅಮ್ಮ ಮೇಜಿನ ಮೇಲಿದ್ದ ಕಟ್ಟರ್ ಎತ್ತಿಕೊಂಡಳು. "ಫ್ರೇಮು ಹಾಕ್ದೆ ಹಾಗೇ ಅಂಟಿಸಿದ್ರೆ ನಾಲ್ಕೇ ದಿನಕ್ಕೆ ಸುರುಳಿ ಸುತ್ಕೊಳುತ್ತೆ. ಆ ಕಡೆ ಹಿಡ್ಕೋ," ಅಂದಳು. ತಾಯಿ ಮಗಳು ಸೇರಿ ಗೌನಿನವಳನ್ನು ಇಳಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ನೈಟಿಯವಳು ಶೋಕೇಸು ಏರಿದಳು.

ಸೋಮವಾರ ಬೆಳಗ್ಗೆ ಶಟರ್ ಎತ್ತಿದ ಅಪ್ಪ ಕೈಯನ್ನು ಮೇಲೆಯೇ ಬಿಟ್ಟು ನಿಂತುಬಿಟ್ಟರು. ಆಮೇಲೆ ಶುರುವಾಯಿತು ನೋಡಿ! ಬೀದಿಯ ಆ ತುದಿಗೆ ಕೇಳಿಸುವಷ್ಟು ಗಂಟಲು. "ಯಾರು ಹಾಕಿದ್ದು ಇದನ್ನ? ಯಾರು? ಮೂವತ್ತು ವರ್ಷ ಬೆವರು ಸುರಿಸಿ ಕಟ್ಟಿದ ಹೆಸರು ಕಣ್ರೇ! ಇದನ್ನ ನೋಡಿ ಯಾವನಾದ್ರೂ ಒಳಗೆ ಕಾಲಿಡ್ತಾನಾ?"

ಚಿಕ್ಕೋಳು ಸ್ಟೂಲು ತಂದು ಶೋಕೇಸಿನ ಬಾಗಿಲಿಗೆ ಅಡ್ಡ ಹಾಕಿ ಕೂತಳು. "ನಾನೇ ಹಾಕಿದ್ದು. ತೆಗೆಯಕ್ಕೆ ಬಿಡಲ್ಲ."

"ಏಳು ಅಲ್ಲಿಂದ!"

"ಏಳಲ್ಲ. ನಾಲ್ಕು ತಿಂಗಳಿಂದ ಏಳು ಏಳು ಅಂತಿದೀರಿ, ಎದ್ನಾ?"

ಕೂಸನ್ನೆತ್ತಿಕೊಂಡು ಬಂದಿದ್ದ ಗಂಡ ಹೆಂಡತಿ ಶೋಕೇಸನ್ನೊಮ್ಮೆ, ಸ್ಟೂಲನ್ನೊಮ್ಮೆ ನೋಡಿ, ಆಮೇಲೆ ಬರುತ್ತೇವೆ ಅಂತ ಹೇಳಿ ಹಿಂದಿರುಗಿದರು. ಬಸ್ಸಿಗೆ ಕಾಯುವವರು ಕಣ್ಣು ಕೀಲಿಸಿ ನೋಡಿದರು. ಔಷಧಿ ಅಂಗಡಿಯಾಕೆ ರಸ್ತೆ ದಾಟಿ ಬಂದು, "ಅಯ್ಯಯ್ಯೋ, ಏನಿದು! ಒಳ್ಳೇ ಫೋಟೋ ಇತ್ತಲ್ಲ!" ಅಂದರು.

"ಅದು ಅಕ್ಕನ ಬಾಯಿ ಆಂಟಿ. ಇದು ನಂದು," ಅಂದಳು ಚಿಕ್ಕೋಳು.

ಔಷಧಿ ಅಂಗಡಿಯಾಕೆ ಬಾಯಿ ತೆರೆದವರು ಹಾಗೇ ಮುಚ್ಚಿದರು. ಅವರು ಹೀಗೆ ಸುಮ್ಮನಾದದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಅಪ್ಪನ ಮುಖ ಮಾತ್ರ ಕಪ್ಪಿಟ್ಟಿತು.

ಹನ್ನೊಂದರ ಹೊತ್ತಿಗೆ ಅಪ್ಪ ರಾಜಿಗೆ ಬಂದರು. ಗಂಟಲು ಕೂತಿತ್ತು. "ಆಯ್ತಮ್ಮಾ. ನಿನ್ನ ಫೋಟೋನೇ ಇರ್ಲಿ. ನೈಟೀನೂ ಇರ್ಲಿ. ಆ ಬಾಯಿ ಒಂದನ್ನ ಸರಿ ಮಾಡ್ತೀನಿ. ಅಕ್ಕಂದು ಬೇಡ ಅಂದ್ರೆ ಬೇಡ, ನಿಂದೇ ನಗು ಹುಡುಕಿ ಹಾಕ್ತೀನಿ. ಆವಾಗಾದ್ರೂ ಒಪ್ತೀಯಾ?"

"ಹುಡುಕಿ," ಅಂದಳು ಚಿಕ್ಕೋಳು. "ಹುಡುಕಿ ನೋಡಿ."

ಅಪ್ಪ ಕನ್ನಡಕ ಏರಿಸಿ ಕಂಪ್ಯೂಟರಿನ ಮುಂದೆ ಕೂತರು. ಫೋಟೋದವರ ಮನೆಯಲ್ಲಿ ಫೋಟೋಗಳಿಗೇನು ಕಡಿಮೆ? ಮಗಳ ಪ್ರತಿ ರಜೆ, ಪ್ರತಿ ಹುಟ್ಟುಹಬ್ಬ, ಹಾಸ್ಟೆಲಿಗೆ ಹೊರಟ ಪ್ರತಿ ಸಲ ಅಂಗಡಿಯ ಮುಂದೆ ನಿಲ್ಲಿಸಿ ಒಂದು ಫೋಟೋ. ತಿದ್ದಿದ್ದು ಬೇರೆ, ತಿದ್ದುವ ಮುಂಚಿನ ಅಸಲಿ ಬೇರೆ, ಎರಡನ್ನೂ ತಾರೀಖು ಹಾಕಿ ಇಡುವ ಶಿಸ್ತಿನ ಮನುಷ್ಯ. ಅಸಲಿಗಳನ್ನು ತೆರೆಯುತ್ತ ಹೋದರು. ಈ ವರ್ಷದ್ದು, ಇಲ್ಲ. ಹುಟ್ಟುಹಬ್ಬದ್ದು, ಇಲ್ಲ. ಹೋದ ವರ್ಷ ಅಕ್ಕನಿಗೆ ಕೆಲಸ ಸಿಕ್ಕಿದ ದಿನದ್ದು: ಅಕ್ಕ ನಗುತ್ತಿದ್ದಾಳೆ, ಪಕ್ಕದಲ್ಲಿ ಇವಳು ಎಲ್ಲೋ ನೋಡುತ್ತಿದ್ದಾಳೆ. ಅದರ ಹಿಂದಿನ ರಜೆಯದು, ಇಲ್ಲ.

ಮಧ್ಯಾಹ್ನದ ಊಟಕ್ಕೆ ಅಮ್ಮ ಎರಡು ಸಲ ಕರೆದಳು. ಅಪ್ಪ ಓಗೊಡಲಿಲ್ಲ. ಮೌಸಿನ ಮೇಲಿನ ಕೈ ಮೊದಲಿನಷ್ಟು ಬೇಗ ಓಡುತ್ತಿರಲಿಲ್ಲ. ಒಂದೊಂದು ಅಸಲಿಯ ಪಕ್ಕದಲ್ಲಿ ತಾನೇ ತಿದ್ದಿಟ್ಟ ಇನ್ನೊಂದನ್ನು ತೆರೆದು ಇಡುತ್ತಿದ್ದರು. ಅಸಲಿಯಲ್ಲಿ ಮುಚ್ಚಿದ ಬಾಯಿ, ತಿದ್ದಿದ್ದರಲ್ಲಿ ತೆರೆದ ಬಾಯಿ. ಕೊನೆಗೆ ಸಿಕ್ಕಿತು. ಸ್ನಾತಕೋತ್ತರ ಪದವಿಗೆ ಸೇರಲು ಹೊರಟ ದಿನದ್ದು. ಹೆಗಲಲ್ಲಿ ಚೀಲ, ಕೈಯಲ್ಲಿ ಕಲ್ಲೊಡೆಯುವ ಹೊಸ ಸುತ್ತಿಗೆ, ಕಿವಿಯಿಂದ ಕಿವಿಯವರೆಗೆ ನಗು, ಎಲ್ಲವೂ ಅವಳದೇ. ತಾರೀಖು ನೋಡಿದರು. ಎರಡು ವರ್ಷ ನಾಲ್ಕು ತಿಂಗಳ ಹಿಂದಿನದು.

"ಬಾ ಇಲ್ಲಿ," ಅಂದರು.

ಚಿಕ್ಕೋಳು ಎದ್ದು ಹೋಗಿ ಅವರ ಹಿಂದೆ ನಿಂತಳು. ಸುತ್ತಿಗೆ ಹಿಡಿದ ಹುಡುಗಿಯನ್ನು ನೋಡಿ ಅವಳಿಗೆ ಹೊಟ್ಟೆಕಿಚ್ಚಾಯಿತು.

"ಆಮೇಲಿಂದು ಒಂದೂ ಇಲ್ಲ ಕಣಮ್ಮಾ. ಅಸಲಿ ಒಂದೂ ಇಲ್ಲ," ಅಪ್ಪ ತಿರುಗದೆಯೇ ಹೇಳಿದರು. "ಗೌನಿನ ಫೋಟೋಗೂ ಹೀಗೇ ಹುಡುಕಿದ್ದೆ. ಸಿಗ್ಲಿಲ್ಲ. ಅದಕ್ಕೇ ಅಕ್ಕಂದು..."

"ಸಿಗ್ದಿದ್ದಾಗ ಏನನ್ನಿಸ್ತು ಅಪ್ಪಾ?"

ಅಪ್ಪ ಮೌಸನ್ನು ಪಕ್ಕಕ್ಕೆ ಸರಿಸಿದರು.

"ಅಮ್ಮ ನೋಡಿರ್ಲಿಲ್ಲ, ಅಕ್ಕ ದೂರ ಇದ್ಳು. ನೀವು ನೋಡಿದ್ರಿ. ಇಷ್ಟು ದೊಡ್ಡದು ಮಾಡ್ಕೊಂಡು, ನನ್ನ ತುಟಿ ಹತ್ರಕ್ಕೆ ಬಂದು, ಪ್ರತೀ ಸಲ ನೋಡಿದ್ರಿ. ಒಂದ್ಸಲ, ಒಂದೇ ಒಂದ್ಸಲ, ಯಾಕಮ್ಮಾ ಹೀಗಿದೀಯ ಅಂತ ಕೇಳ್ಬಹುದಿತ್ತಲ್ಲ? ಕೇಳೋ ಬದಲು ಸರಿ ಮಾಡ್ಬಿಟ್ರಿ."

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಒರೆಸಿದ್ದನ್ನೇ ಒರೆಸಿದರು. ಯಾರ ಮುಂದೆಯೂ ತಗ್ಗದ ಮನುಷ್ಯನ ಭುಜ ಇಳಿದುಹೋಗಿತ್ತು.

"ಭಯ ಆಯ್ತು ಕಣೇ," ಅಂದರು. "ಕೇಳಿದ್ರೆ ನೀನು ಏನಾದ್ರೂ ಹೇಳ್ಬಿಡ್ತೀಯಲ್ಲ ಅಂತ. ಹೇಳಿದ್ರೆ ನಾನೇನು ಮಾಡ್ಲಿ? ನಂಗೆ ಬರೋದು ಇದೊಂದೇ ವಿದ್ಯೆ."

ಅಲ್ಲಿಗೆ ಅಪ್ಪ ಮಗಳು ತಬ್ಬಿಕೊಂಡು ಅತ್ತರು, ಎಲ್ಲ ಸರಿಹೋಯಿತು ಅಂತ ನೀವು ಕಾಯುತ್ತಿದ್ದರೆ, ಇಲ್ಲ, ಹಾಗೇನೂ ಆಗಲಿಲ್ಲ. ಚಿಕ್ಕೋಳಿಗೆ ಅಪ್ಪನ ಮೇಲೆ ಕನಿಕರ ಹುಟ್ಟಿತು, ಸಿಟ್ಟೂ ಇಳಿದಿರಲಿಲ್ಲ. ಎರಡನ್ನೂ ಇಟ್ಟುಕೊಂಡೇ, "ಬುಧವಾರ ಒಂಬತ್ತಕ್ಕೆ," ಅಂದಳು. ಅಪ್ಪ ತಲೆಯಾಡಿಸಿದರು. ಅಮ್ಮ ಆರಿದ ಊಟವನ್ನು ಇಬ್ಬರಿಗೂ ಅಲ್ಲೇ ತಂದಿಟ್ಟಳು. ಶೋಕೇಸಿನ ಫೋಟೋವನ್ನು ಯಾರೂ ಮುಟ್ಟಲಿಲ್ಲ.

ಬುಧವಾರ ಅಪ್ಪ ಅಂಗಡಿಗೆ ಬೀಗ ಹಾಕಿದರು. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸುವ ಕಿಟಕಿಯ ಮುಂದೆ ಮಾರುದ್ದ ಸಾಲು. ಸಾಲಿನಲ್ಲಿ ನಿಂತದ್ದಕ್ಕೇ ಚಿಕ್ಕೋಳಿಗೆ ಕಾಲು ಸೋತುಬಂತು, ವಾಪಸು ಹೋಗಿ ಮಲಗಿಬಿಡೋಣ ಅಂತ ಎರಡು ಸಲ ಅನ್ನಿಸಿತು. ಹೋಗಲಿಲ್ಲ. ಮುಂದಿನವರ ಬೆನ್ನನ್ನೇ ನೋಡುತ್ತ ಒಂದೊಂದೇ ಹೆಜ್ಜೆ ಸರಿದಳು. ಅವರ ಸರದಿ ಬಂತು. ಕಿಟಕಿಯೊಳಗಿನ ಗುಮಾಸ್ತೆ ತಲೆ ಎತ್ತದೆ ಅಪ್ಪನನ್ನೇ ಕೇಳಿದಳು.

"ಪೇಷೆಂಟಿಗೆ ಏನು ತೊಂದ್ರೆ?"

ಅಪ್ಪ ಅಭ್ಯಾಸಬಲದಿಂದ ಹಿಂದೆ ತಿರುಗಿ ನೋಡಿದರು. ಸಾಲಿನಲ್ಲಿ ದರ್ಜಿಯ ಹೆಂಡತಿ ನಿಂತಿದ್ದರು, ಕಿವಿ ಇತ್ತ ಕಡೆಗೇ. "ಏನಿಲ್ಲ, ಸ್ವಲ್ಪ ಸುಸ್ತು..." ಅಂತ ಶುರುಮಾಡಿದ ಅಪ್ಪ ಅಲ್ಲಿಗೇ ನಾಲಿಗೆ ಕಚ್ಚಿಕೊಂಡರು. ಬೆವರು ಒರೆಸಿಕೊಂಡರು.

"ಅವಳನ್ನೇ ಕೇಳಿ," ಅಂದರು. "ನಂಗೆ ಗೊತ್ತಿಲ್ಲ. ನಾನು ಕೇಳೇ ಇಲ್ಲ." ಹಾಗಂದು ಪಕ್ಕಕ್ಕೆ ಸರಿದು ಮಗಳಿಗೆ ಜಾಗ ಬಿಟ್ಟರು.

ಚಿಕ್ಕೋಳು ಕಿಟಕಿಯ ಕಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. "ಎರಡು ವರ್ಷದಿಂದ ನಂಗೆ ಯಾವುದರಲ್ಲೂ ಸಂತೋಷ ಇಲ್ಲ," ಅಂದಳು. "ಓದು ಮುಗಿದ ಮೇಲೆ ಜಾಸ್ತಿಯಾಗಿದೆ. ಬೆಳಗ್ಗೆ ಏಳೋದೇ ಬೇಡ ಅನ್ನಿಸುತ್ತೆ. ಸುಸ್ತಲ್ಲ, ಸೋಮಾರಿತನ ಅಲ್ಲ. ಹೀಗೇ ಬರ್ಕೊಳ್ಳಿ."

ಗುಮಾಸ್ತೆ ತಲೆಯೆತ್ತಿ ಅವಳನ್ನು ನೋಡಿದಳು, ಬರೆದುಕೊಂಡಳು. ಚಿಕ್ಕೋಳು ಚೀಟಿ ತೆಗೆದುಕೊಂಡು ತಿರುಗಿದಳು. ಹತ್ತು ಹದಿನೈದು ಜೋಡಿ ಕಣ್ಣು, ಎಲ್ಲ ಅವಳ ಮೇಲೇ.

"ನೋಡಿ, ಪರವಾಗಿಲ್ಲ, ಚೆನ್ನಾಗಿ ನೋಡಿ," ಅಂದಳು. "ನಿಮ್ಮ ಸರದಿ ಬಂದಾಗ ನೀವೂ ಬಾಯಿಬಿಟ್ಟು ಹೇಳಿ."